ವೀಸಾನೇ ಬೇಡ ಅಂದಿದ್ದಕ್ಕೆ ಬಂದ ಪತ್ರಗಳು

ಎರಡು ಸಂಚಿಕೆ ಹಿಂದೆ ಕುಂದಾಪುರದ ಒಬ್ಬ ಹುಡುಗ, ಕೆನಡಾ ವೀಸಾ ಮೂರನೇ ಸಲ ರಿಜೆಕ್ಟ್ ಆದ ಕತೆ ಬರೆದು 'ನನ್ನ ತಪ್ಪೇನು ಸಾರ್?' ಎಂದು ಕೇಳಿದ್ದ. 'ನಿನ್ನ ತಪ್ಪೇನಿಲ್ಲ, ಹುಟ್ಟಿದ ಊರು ಬೇರೆ, ಅಷ್ಟೇ. ನನ್ನನ್ನು ಕೇಳಿದರೆ ಕೆಲಸ ಹುಡುಕಿಕೊಂಡು ಹೋಗುವವರಿಗೆ ವೀಸಾನೇ ಇರಬಾರದು' ಎಂದು ಉತ್ತರಿಸಿದ್ದೆ. ಬಾಯಿಗೆ ಬಂದದ್ದನ್ನು ಬರೆದದ್ದಲ್ಲ, ಆದರೆ ವಿವರಿಸಿಯೂ ಇರಲಿಲ್ಲ. ಕಾಗದ, ಇಮೇಲು, ವಾಟ್ಸಾಪ್ ಎಲ್ಲ ಸೇರಿ ರಾಶಿ ಬಿದ್ದಿದೆ. ಹೊಗಳಿದವರು ಇಬ್ಬರು. ಉಳಿದವುಗಳಲ್ಲಿ ಬೈಗುಳ ಸೋಸಿ ಪ್ರಶ್ನೆ ಮಾತ್ರ ಇಟ್ಟುಕೊಂಡಿದ್ದೇನೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ. ಅಡಿಕೆ ರೇಟು, ಸೊಂಟನೋವು ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರ: ನೀವು ರಾತ್ರಿ ಮನೆಯ ಬಾಗಿಲಿಗೆ ಚಿಲಕ ಹಾಕುತ್ತೀರಿ ಅಲ್ವಾ? ಹಾಗಾದರೆ ದೇಶಕ್ಕೆ ಯಾಕೆ ಬೇಡ?
– ಓದುಗ, ಸುರತ್ಕಲ್

ಉ: ಹಾಕುತ್ತೇನೆ ಮಾರಾಯ್ರೆ, ಎರಡು ಚಿಲಕ. ಆದರೆ ಅದು ನನ್ನ ಮನೆಗೆ. ಎದುರುಮನೆಯವರು ಮಾಳಿಗೆಯ ರೂಮನ್ನು ಯಾರಿಗೆ ಬಾಡಿಗೆಗೆ ಕೊಡಬೇಕು ಅಂತ ನಾನು ಹೇಳಲು ಹೋದರೆ ಅವರು ಸುಮ್ಮನಿರುತ್ತಾರಾ? ದೇಶ ಅನ್ನುವುದು ಒಂದು ಮನೆಯಲ್ಲ. ಕೋಟಿ ಕೋಟಿ ಮನೆ, ಅಂಗಡಿ, ಹೋಟೆಲು, ತೋಟ ಇರುವ ದೊಡ್ಡ ಪೇಟೆ. ಒಡಿಶಾದ ಒಬ್ಬ ಹುಡುಗ ಬೈಕಂಪಾಡಿಗೆ ಬಂದ ಅಂದರೆ ಯಾರದ್ದೋ ಮನೆಗೆ ನುಗ್ಗಿದ ಅಂತಲ್ಲ. ಕೆಲಸ ಕೊಡುವವರು ಒಬ್ಬರಿದ್ದರು, ರೂಮು ಕೊಡುವವರು ಒಬ್ಬರಿದ್ದರು, ಇವನು ದುಡಿದ, ಬಾಡಿಗೆ ಕಟ್ಟಿದ. ಈ ಮೂವರ ನಡುವೆ ಕೈ ಅಡ್ಡ ಹಿಡಿಯಲು ನಾನ್ಯಾರು?

ನಮ್ಮ ಬೀದಿಗೆ ಮೀನಿನ ಬುಟ್ಟಿ ಹೊತ್ತು ಒಬ್ಬಾಕೆ ಬರುತ್ತಾರೆ. ಅವರ ಹತ್ತಿರ ನಾನು ಮೀನು ತೆಗೆದುಕೊಳ್ಳದೇ ಇರಬಹುದು, ಅದು ನನ್ನಿಷ್ಟ. ಆದರೆ ಬೀದಿಯ ಬಾಯಲ್ಲಿ ನಿಂತು 'ನೀವು ಬೇರೆ ಊರಿನವರು, ಇಲ್ಲಿ ಬುಟ್ಟಿ ಇಳಿಸಬೇಡಿ' ಅಂದರೆ? ಅವರಿಗೂ ನಷ್ಟ, ಬಂಗುಡೆಗೆ ಕಾದು ಕೂತ ಆಚೆಮನೆಯವರಿಗೂ ನಷ್ಟ. ಸಹಾಯ ಮಾಡದಿರುವುದು ಬೇರೆ, ದಾರಿಗೆ ಅಡ್ಡ ನಿಲ್ಲುವುದು ಬೇರೆ. ವೀಸಾ ಅನ್ನುವುದು ದಾರಿಗೆ ಅಡ್ಡ ನಿಲ್ಲುವ ಕೆಲಸ.

ಜೋಸೆಫ್ ಕಾರೆನ್ಸ್ ಎಂಬ ರಾಜಕೀಯ ಚಿಂತಕರು 1987ರಲ್ಲೇ ಬರೆದಿದ್ದರು, ಶ್ರೀಮಂತ ದೇಶದ ಪೌರತ್ವ ಹಳೇ ಕಾಲದ ಪಾಳೇಗಾರರ ಸವಲತ್ತಿನ ಹಾಗೆ, ಹುಟ್ಟಿನಿಂದ ಬರುತ್ತದೆ, ದುಡಿದು ಗಳಿಸಿದ್ದಲ್ಲ ಎಂದು. ಈ ಮಾತು ಅಮೆರಿಕದವರಿಗೆ ಹೊಸದಾಗಿ ಕಾಣಬಹುದು. ಹುಟ್ಟಿನಿಂದ ಬಂದ ಧಣಿತನ ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1974ರ ಭೂಸುಧಾರಣೆ ಕಾಯ್ದೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಗೇಣಿದಾರರು ತಾವು ಉಳುವ ಜಮೀನಿಗೆ ಡಿಕ್ಲರೇಶನ್ ಹಾಕಿದರು, ಮನೆಯ ಹಿರಿಯರನ್ನು ಕೇಳಿ.

ಇನ್ನೊಂದು ಮಾತು. ತಪಾಸಣೆ ಬೇಡ ಅಂತ ನಾನು ಅಂದಿಲ್ಲ. ಹೆಸರು, ಫೋಟೋ, ಬೆರಳಚ್ಚು, ಪೊಲೀಸ್ ಕೇಸು, ಎಲ್ಲ ನೋಡಲಿ. ಕೇಡು ಮಾಡುವವನನ್ನು ತಡೆಯಲಿ. ನೀನು ಬಡವ, ನಿನ್ನ ದೇಶದ ಕೋಟಾ ಮುಗಿಯಿತು ಅಂತ ತಡೆಯಬಾರದು.

ಪ್ರ: ಮಲ್ಪೆಯ ಮೀನುಗಾರಿಕೆ ದಕ್ಕೆಯಲ್ಲಿ ಈಗ ತುಳು ಕೇಳಿಸುವುದೇ ಕಡಿಮೆ. ಹೊರಗಿನವರು ಕಡಿಮೆ ಸಂಬಳಕ್ಕೆ ಬರುತ್ತಾರೆ. ನಮ್ಮ ಹುಡುಗರು ಎಲ್ಲಿಗೆ ಹೋಗಬೇಕು?
– ಓದುಗ, ಮಲ್ಪೆ

ಉ: ದಕ್ಕೆಯಲ್ಲಿ ತುಳು ಕಡಿಮೆಯಾದದ್ದು ನಿಜ. ಕಳೆದ ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಹೋಗಿದ್ದೆ. ಹತ್ತು ದಿನ ಆಳಸಮುದ್ರದಲ್ಲಿದ್ದು ಬಂದ ಬೋಟಿನ ಹೊಟ್ಟೆಯೊಳಗೆ ಒಬ್ಬ ಹುಡುಗ ಐಸಿನಲ್ಲಿ ನಿಂತು ಬುಟ್ಟಿ ಬುಟ್ಟಿ ಮೀನು ಮೇಲಕ್ಕೆ ಕೊಡುತ್ತಿದ್ದ. ಬೆರಳು ಬಿಳಿಚಿಕೊಂಡು ಸುಕ್ಕುಗಟ್ಟಿತ್ತು. ಜಾರ್ಖಂಡಿನವನು. ಇಲ್ಲಿಗೆ ಬರುವ ಮೊದಲು ಸಮುದ್ರವನ್ನೇ ನೋಡಿರಲಿಲ್ಲ ಅಂದ. ಬೋಟು ನಡೆಸುವ ತಾಂಡೇಲರು ನಮ್ಮವರೇ, ಅವನಿಗೆ ತುಳುವಿನಲ್ಲಿ ಬೈಯುತ್ತಿದ್ದರು, ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. 'ನಿಮ್ಮ ಮಗ ಎಲ್ಲಿ?' ಎಂದು ತಾಂಡೇಲರನ್ನು ಕೇಳಿದೆ. ಅಬುಧಾಬಿಯಲ್ಲಂತೆ, ಎಸಿ ಮೆಕ್ಯಾನಿಕ್.

ಆ ಹುಡುಗ ಬರದಿದ್ದರೆ ಅಬುಧಾಬಿಯ ಮಗ ವಾಪಸ್ ಬಂದು ಐಸಿಗೆ ಇಳಿಯುತ್ತಿದ್ದನಾ? ಬೋಟು ಕಟ್ಟಿ ಹಾಕಬೇಕಾಗುತ್ತಿತ್ತು, ಅಷ್ಟೇ. ಬೋಟು ನಿಂತರೆ ತಾಂಡೇಲರಿಗೆ ಕೆಲಸವಿಲ್ಲ, ಐಸ್ ಪ್ಲಾಂಟಿಗೆ ಗಿರಾಕಿಯಿಲ್ಲ, ಬಲೆ ಹೊಲಿಯುವವರಿಗೆ ಬಲೆಯಿಲ್ಲ, ಟೆಂಪೋದವರಿಗೆ ಬಾಡಿಗೆಯಿಲ್ಲ, ಮೀನು ಮಾರುವ ಹೆಂಗಸರ ಬುಟ್ಟಿ ಖಾಲಿ. ಜೂನ್ ಒಂದರಿಂದ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ದಕ್ಕೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಜನ ಸಿಗದಿದ್ದರೆ ವರ್ಷವಿಡೀ ಹಾಗೆಯೇ.

ಊರಿನಲ್ಲಿ ಇಷ್ಟೇ ಕೆಲಸ ಇದೆ, ಒಬ್ಬ ಬಂದರೆ ಇನ್ನೊಬ್ಬನಿಗೆ ಇಲ್ಲ, ಅನ್ನುವ ಲೆಕ್ಕವೇ ತಪ್ಪು. ಬಂದವನು ಊಟ ಮಾಡುತ್ತಾನೆ, ರೂಮು ಹಿಡಿಯುತ್ತಾನೆ, ಮೊಬೈಲಿಗೆ ರೀಚಾರ್ಜ್ ಹಾಕಿಸುತ್ತಾನೆ, ಭಾನುವಾರ ಕೋಳಿ ತರುತ್ತಾನೆ. ಅದೆಲ್ಲ ಯಾರದ್ದೋ ವ್ಯಾಪಾರ.

ಇದನ್ನು ಪರೀಕ್ಷೆ ಮಾಡಿ ನೋಡಿದ ಹಾಗೆ ಒಂದು ಘಟನೆ ನಡೆದಿದೆ. 1980ರಲ್ಲಿ ಕ್ಯೂಬಾ ಸರಕಾರ ಮರಿಯೆಲ್ ಬಂದರಿನಿಂದ ಹೋಗುವವರು ಹೋಗಿ ಅಂದಿತು. ಆರು ತಿಂಗಳೊಳಗೆ ಸುಮಾರು 1,25,000 ಜನ ದೋಣಿ ಹತ್ತಿ ಅಮೆರಿಕಕ್ಕೆ ಹೋದರು, ಸುಮಾರು ಅರ್ಧದಷ್ಟು ಜನ ಮಯಾಮಿಯಲ್ಲೇ ನಿಂತರು. ಆ ಊರಿನ ಕೆಲಸಗಾರರ ಸಂಖ್ಯೆ ಒಮ್ಮೆಲೇ ಶೇಕಡಾ 7ರಷ್ಟು ಏರಿತು. ಕೂಲಿ ಪಾತಾಳಕ್ಕೆ ಬಿದ್ದಿರಬೇಕು ಅಲ್ವಾ? ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಅಂಕಿಅಂಶ ತೆಗೆದು ನೋಡಿದರು. 1990ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನವರ ಕೂಲಿಗೂ ಕೆಲಸಕ್ಕೂ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಎಲ್ಲರೂ ಒಪ್ಪಿಲ್ಲ. ಜಾರ್ಜ್ ಬೋರ್ಹಾಸ್ ಎಂಬವರು, ಸ್ವತಃ ಚಿಕ್ಕಂದಿನಲ್ಲಿ ಕ್ಯೂಬಾದಿಂದ ಬಂದವರು, ಅದೇ ಮಯಾಮಿಯನ್ನು ಮತ್ತೆ ಅಳೆದು, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಚೆನ್ನಾಗಿಯೇ ಇಳಿದಿತ್ತು ಅಂದರು. ನೀವು ನೋಡಿದ ಗುಂಪು ತೀರಾ ಚಿಕ್ಕದು ಅಂತ ಅವರಿಗೆ ಇನ್ನು ಕೆಲವರು ಉತ್ತರ ಕೊಟ್ಟರು. ಜಗಳ ಮುಗಿದಿಲ್ಲ.

ನಾನು ಇಷ್ಟು ಒಪ್ಪುತ್ತೇನೆ: ಬಂದವನು ಮಾಡುವ ಅದೇ ಕೆಲಸವನ್ನೇ, ಅದೇ ಚೌಕದಲ್ಲಿ ನಿಂತು ಮಾಡುವವನಿಗೆ ಪೆಟ್ಟು ಬೀಳಬಹುದು. ಅವನು ಸಾಮಾನ್ಯವಾಗಿ ನಿನ್ನೆ ಬಂದವನೇ ಆಗಿರುತ್ತಾನೆ. ಅವನಿಗೆ ಬೇರೆ ಕೆಲಸ ಕಲಿಸಲು, ಕಷ್ಟಕಾಲಕ್ಕೆ ಕೈ ಹಿಡಿಯಲು ದುಡ್ಡು ಖರ್ಚು ಮಾಡೋಣ, ಊರಿಗೆ ಆದ ಲಾಭದಲ್ಲಿ ಅದಕ್ಕೆ ಬೇಕಾದಷ್ಟು ಇದೆ. ಅದು ಬಿಟ್ಟು 2024ರ ಜುಲೈಯಲ್ಲಿ ನಮ್ಮ ಸರಕಾರ ಹೊರಟಂತೆ ಕಂಪನಿಗಳಲ್ಲಿ ಆಡಳಿತದ ಹುದ್ದೆ 50, ಉಳಿದದ್ದು 70 ಶೇಕಡಾ ಸ್ಥಳೀಯರಿಗೇ ಅಂತ ಮಸೂದೆ ಮಾಡುವುದು ಸುಲಭದ ದಾರಿ. ಅದನ್ನು ಕೆಲವೇ ದಿನದಲ್ಲಿ ತಡೆಹಿಡಿದರು. ಮಹಾರಾಷ್ಟ್ರವೂ ಇಂಥದ್ದೇ ಒಂದನ್ನು ತಂದರೆ ಮುಂಬೈಯಲ್ಲಿ ದುಡಿಯುವ ನಮ್ಮ ಅರ್ಧ ತಾಲೂಕು ಊರಿಗೆ ಬಂದು ಕೂರಬೇಕಾಗುತ್ತದೆ.

ಪ್ರ: ಭಾವನೆ ಬಿಡಿ, ಲೆಕ್ಕ ಕೊಡಿ. ಗಡಿ ತೆರೆದರೆ ಲೋಕಕ್ಕೆ ಏನು ಲಾಭ?
– ನಿವೃತ್ತ ಅಧ್ಯಾಪಕರು, ಕಾರ್ಕಳ

ಉ: ಮಾಷ್ಟ್ರೇ, ದೊಡ್ಡ ಲೆಕ್ಕಕ್ಕಿಂತ ಮೊದಲು ಚಿಕ್ಕದು. ನಮ್ಮ ಮನೆಯ ಪಾಗಾರ ಕಟ್ಟಲು ಬಂದಿದ್ದ ಕೊಪ್ಪಳದ ಮೇಸ್ತ್ರಿಗೆ ಊರಿನಲ್ಲಿ ದಿನಕ್ಕೆ ನಾನೂರೈವತ್ತು ಸಿಗುತ್ತಿತ್ತಂತೆ, ಅದೂ ಕೆಲಸ ಇದ್ದ ದಿನ. ಇಲ್ಲಿ ಒಂಬೈನೂರು. ಅದೇ ಮನುಷ್ಯ, ಅದೇ ಕರಣೆ, ಅದೇ ಕೈ. ಒಂದು ರಾತ್ರಿ ಬಸ್ಸಿನಲ್ಲಿ ಕೂತು ಇಳಿದಾಗ ಕೂಲಿ ಎರಡರಷ್ಟು. ಅವನು ರಾತ್ರೋರಾತ್ರಿ ಜಾಣನಾಗಲಿಲ್ಲ. ಇಲ್ಲಿ ಅವನು ಕಟ್ಟುವ ಗೋಡೆಗೆ ಬೆಲೆ ಜಾಸ್ತಿ, ಯಾಕೆಂದರೆ ಸುತ್ತ ಬಂದರು, ಕಾಲೇಜು, ಆಸ್ಪತ್ರೆ, ಗಲ್ಫ್ ದುಡ್ಡು ಇದೆ. ಅದೇ ಮೇಸ್ತ್ರಿಯನ್ನು ಟೊರೊಂಟೊದಲ್ಲಿ ಇಳಿಸಿದರೆ ಎರಡರಷ್ಟಲ್ಲ, ಎಷ್ಟೋ ಪಟ್ಟು. ಹಾಗಾದರೆ ಅವನು ಇಷ್ಟು ವರ್ಷ ಕಳೆದುಕೊಂಡದ್ದು ಎಲ್ಲಿಗೆ ಹೋಯಿತು? ಯಾರ ಜೇಬಿಗೂ ಹೋಗಲಿಲ್ಲ. ಹುಟ್ಟಲೇ ಇಲ್ಲ.

ಈ ಚಿಕ್ಕ ಲೆಕ್ಕವನ್ನು ಲೋಕಕ್ಕೆಲ್ಲ ಹಾಕಿದವರಿದ್ದಾರೆ. ಮೈಕೆಲ್ ಕ್ಲೆಮೆನ್ಸ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಆವರೆಗಿನ ಅಂದಾಜುಗಳನ್ನೆಲ್ಲ ಒಟ್ಟು ಮಾಡಿ ನೋಡಿದರು. ಜನರ ಓಡಾಟಕ್ಕೆ ಇರುವ ಅಡ್ಡಿಯನ್ನೆಲ್ಲ ತೆಗೆದರೆ ಇಡೀ ಲೋಕದ ಉತ್ಪನ್ನ 50ರಿಂದ 150 ಶೇಕಡಾ ಹೆಚ್ಚಬಹುದು ಎಂದು ಹೆಚ್ಚಿನ ಅಂದಾಜುಗಳು ಹೇಳುತ್ತಿದ್ದವು. ಕಾಗದದ ಮೇಲಿನ ಲೆಕ್ಕ ಇದು, ಲೋಕವನ್ನೆಲ್ಲ ತೆರೆದು ನೋಡಿದವರು ಯಾರೂ ಇಲ್ಲ. ನಾನು ಅದರಲ್ಲಿ ಮುಕ್ಕಾಲು ಭಾಗ ಕಳೆದು ನೋಡಿದೆ. ಆಗಲೂ ಬೇರೆ ಯಾವ ಯೋಜನೆಯೂ ಸರಿಗಟ್ಟದಷ್ಟು ಉಳಿಯಿತು. ಸದ್ಯಕ್ಕೆ ಹುಟ್ಟಿದ ದೇಶದ ಹೊರಗೆ ಬದುಕುವವರು ಲೋಕದಲ್ಲಿ ಸುಮಾರು 30 ಕೋಟಿ, ನೂರಕ್ಕೆ ನಾಲ್ಕು ಜನ ಕೂಡ ಇಲ್ಲ. ಅಷ್ಟರಲ್ಲೇ 2022ರಲ್ಲಿ ಭಾರತಕ್ಕೆ ಹೊರಗಿನಿಂದ ಮನೆಮಂದಿ ಕಳಿಸಿದ ದುಡ್ಡು 111 ಬಿಲಿಯನ್ ಡಾಲರ್. ಮಧ್ಯವರ್ತಿ ಇಲ್ಲ, ಫೈಲು ಇಲ್ಲ, ನೇರ ಅಮ್ಮನ ಖಾತೆಗೆ.

ಪ್ರ: ಗಡಿ ತೆರೆದರೆ ಎಲ್ಲ ಸರಿ ಅನ್ನುತ್ತೀರಿ. ಗಲ್ಫ್‌ನಲ್ಲಿ ಹೊರಗಿನವರೇ ತುಂಬಿದ್ದಾರಲ್ಲ, ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಗೊತ್ತಾ? ನನ್ನ ಗಂಡನ ಪಾಸ್‌ಪೋರ್ಟ್ ನಾಲ್ಕು ವರ್ಷದಿಂದ ಕಂಪನಿಯವರ ಕೈಯಲ್ಲಿದೆ.
– ಓದುಗಿ, ಕಾಪು

ಉ: ಗೊತ್ತು ಅಕ್ಕ. ನಮ್ಮ ಸೋದರತ್ತೆಯ ಮಗ ಹೀಗೆಯೇ ಸಿಕ್ಕಿಬಿದ್ದಿದ್ದ. ಏಳು ತಿಂಗಳ ಸಂಬಳ ಬಾಕಿ, ಪಕ್ಕದ ರಸ್ತೆಯಲ್ಲೇ ಇನ್ನೊಬ್ಬರು ಒಳ್ಳೇ ಸಂಬಳಕ್ಕೆ ಕರೆಯುತ್ತಿದ್ದರು, ಹೋಗುವ ಹಾಗಿಲ್ಲ. ಹೋದರೆ ಓಡಿಹೋದವ ಅಂತ ಕೇಸು. ಅತ್ತೆ ಬಂಗಾರ ಅಡವಿಟ್ಟು ಕಳಿಸಿದ್ದರು, ಹಾಗಾಗಿ ವಾಪಸ್ ಬರುವ ಹಾಗೂ ಇಲ್ಲ.

ಆದರೆ ನೋಡಿ, ಇದು ತೆರೆದ ಬಾಗಿಲಲ್ಲ. ಒಳಗೆ ಬಿಟ್ಟು ಕೀಲಿಕೈಯನ್ನು ಧಣಿಯ ಜೇಬಿಗೆ ಹಾಕುವುದು. ಗಲ್ಫಿನ ಕಫಾಲ ಪದ್ಧತಿ ಅನ್ನುವುದು ಅದೇ: ನಿಮ್ಮ ವೀಸಾ ನಿಮ್ಮದಲ್ಲ, ಕೆಲಸ ಕೊಟ್ಟವನದ್ದು. ಯುಎಇಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರದೇಶದವರು, ಆದರೂ ಅವರಿಗೆ ಚೌಕಾಸಿಯ ಬಲ ಕಡಿಮೆ, ಯಾಕೆಂದರೆ 'ಬಿಟ್ಟು ಹೋಗುತ್ತೇನೆ' ಅನ್ನುವ ಒಂದು ಮಾತು ಅವರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಕೊಪ್ಪಳದ ಮೇಸ್ತ್ರಿಗೆ ನಾನು ಸಂಜೆ ದುಡ್ಡು ಕೊಡದಿದ್ದರೆ ಮಾರನೇ ದಿನ ಬೇರೆ ಮನೆಗೆ ಹೋಗುತ್ತಾನೆ, ಅದಕ್ಕೇ ನಾನು ಸಂಜೆಯೇ ಕೊಡುತ್ತೇನೆ. ಕತಾರ್ 2020ರಲ್ಲಿ, ಹಳೇ ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದು ಅಂತ ಕಾನೂನು ತಂದಿತು. ಕಾಗದದಲ್ಲಿದ್ದಷ್ಟು ನೆಲದಲ್ಲಿ ಇಳಿದಿಲ್ಲ, ಆದರೆ ದಾರಿ ಅದು. ನಿಮ್ಮವರ ವಿಷಯಕ್ಕೆ: ಪಾಸ್‌ಪೋರ್ಟ್ ಭಾರತ ಸರಕಾರದ ಸ್ವತ್ತು, ಕಂಪನಿಯದ್ದಲ್ಲ. ರಾಯಭಾರ ಕಚೇರಿಗೆ ಬರಹದಲ್ಲಿ ದೂರು ಕೊಡಲಿ, ಸಂಬಳ ಚೀಟಿಯ ಫೋಟೋ ನಿಮ್ಮ ಮೊಬೈಲಿಗೂ ಕಳಿಸಿ ಇಡಲಿ.

ಪ್ರ: ಬಂದವರೆಲ್ಲ ಗೃಹಲಕ್ಷ್ಮಿ, ಫ್ರೀ ಬಸ್ಸು ಕೇಳಿದರೆ ಖಜಾನೆ ಗತಿಯೇನು?
– ಓದುಗ, ಬಂಟ್ವಾಳ

ಉ: ಇದು ಸಸಾರದ ಪ್ರಶ್ನೆಯಲ್ಲ. ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ ಮಿಲ್ಟನ್ ಫ್ರೀಡ್‌ಮನ್ ಕೂಡ ಇಲ್ಲೇ ಎಡವಿದರು. ಗಡಿಯನ್ನೂ ತೆರೆದು ಸರಕಾರಿ ಸವಲತ್ತನ್ನೂ ಎಲ್ಲರಿಗೂ ಕೊಡಲು ಆಗದು ಅಂದರು. ಆದರೆ ಉತ್ತರ ನಮ್ಮ ಬಸ್ಸಿನಲ್ಲೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ. ಅದೇ ಸೀಟಿನಲ್ಲಿ ಕೂತ ಬಿಹಾರದ ಹೆಂಗಸು ಟಿಕೆಟ್ ತೆಗೆಯುತ್ತಾಳೆ. ಅವಳು ಫ್ರೀ ಕೇಳುವುದಿಲ್ಲ, ನಾವು ಅವಳನ್ನು ಬಸ್ಸಿನಿಂದ ಇಳಿಸುವುದೂ ಇಲ್ಲ. ಸವಲತ್ತಿಗೆ ಹತ್ತು ವರ್ಷ ಕಾಯಿ ಅನ್ನಿ, ಜಾಸ್ತಿ ತೆರಿಗೆ ಹಾಕಿ ಬೇಕಾದರೆ, ಅವರಲ್ಲಿ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಬರಲೇಬೇಡಿ ಅನ್ನುವುದಕ್ಕಿಂತ ಅದು ಎಷ್ಟೋ ಮೇಲು. (ಮಂಗಳೂರಿನ ಸಿಟಿ ಬಸ್ಸು ಹೆಚ್ಚಿನದ್ದೆಲ್ಲ ಪ್ರೈವೇಟು, ನಮ್ಮ ಹೆಂಗಸರೇ ಟಿಕೆಟ್ ತೆಗೆಯುತ್ತಿದ್ದಾರೆ. ಅದರ ಬಗ್ಗೆ ಪತ್ರ ಬರೆಯುವವರು ಬೇರೆಯಾಗಿ ಬರೆಯಿರಿ.)

ಪ್ರ: ಬಾಗಿಲು ತೆರೆದರೆ ಇಡೀ ಲೋಕವೇ ಬಂದು ಬೀಳುವುದಿಲ್ಲವೇ?
– ಓದುಗ, ಬ್ರಹ್ಮಾವರ

ಉ: ನೇಪಾಳದ ಜೊತೆ 1950ರ ಒಪ್ಪಂದದಿಂದ ನಮ್ಮ ಗಡಿ ತೆರೆದೇ ಇದೆ. ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ. ನೇಪಾಳದಲ್ಲಿ ಈಗಲೂ ಸುಮಾರು 3 ಕೋಟಿ ಜನ ಅಲ್ಲೇ ಇದ್ದಾರೆ. ಬಿಹಾರಕ್ಕಿಂತ ಕರ್ನಾಟಕದ ತಲಾ ಆದಾಯ ಐದು ಪಟ್ಟಿನ ಹತ್ತಿರ, ಬಿಹಾರ ಖಾಲಿಯಾಗಿಲ್ಲ. ಮನೆ, ಮಾತು, ವಯಸ್ಸಾದ ಅಪ್ಪ ಅಮ್ಮ, ದೈವದ ಕೋಲ, ಇವೆಲ್ಲ ಯಾವ ವೀಸಾಕ್ಕಿಂತಲೂ ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತವೆ. ಆದರೆ ಒಮ್ಮೆಲೇ ಜನ ಬಂದರೆ ಇದ್ದವರಿಗೆ ಹೆದರಿಕೆಯಾಗುತ್ತದೆ, ಅದೂ ಸತ್ಯ. 2004ರಲ್ಲಿ ಪೋಲೆಂಡ್ ಮುಂತಾದ ದೇಶಗಳು ಯುರೋಪಿಯನ್ ಒಕ್ಕೂಟಕ್ಕೆ ಸೇರಿದಾಗ ಬ್ರಿಟನ್ ಬಾಗಿಲು ಕೂಡಲೇ ತೆರೆಯಿತು. ವರ್ಷಕ್ಕೆ ಹೆಚ್ಚೆಂದರೆ ಹದಿಮೂರು ಸಾವಿರ ಜನ ಬರಬಹುದು ಅಂತ ಅಂದಾಜು ಮಾಡಿದ್ದರು, ಬಂದವರು ಅದರ ಎಷ್ಟೋ ಪಟ್ಟು. ಬ್ರಿಟನ್ ಬಡವಾಗಲಿಲ್ಲ, ಆದರೆ 2016ರಲ್ಲಿ ಒಕ್ಕೂಟವೇ ಬೇಡ ಅಂತ ವೋಟು ಹಾಕಿತು. ಹಾಗಾಗಿ ಹಂತ ಹಂತವಾಗಿ ತೆರೆಯಿರಿ ಅಂದರೆ ನಾನು ಜಗಳ ಮಾಡುವುದಿಲ್ಲ. ಮುಚ್ಚುವ ಕಡೆಗೆ ಹೋಗುವವರ ಹತ್ತಿರ ಮಾತ್ರ ನನ್ನ ಜಗಳ.

ಪ್ರ: ನಾವು ಕಲಿಸಿದ ನರ್ಸುಗಳೆಲ್ಲ ಐರ್ಲೆಂಡಿಗೆ ಹೋದರೆ ನಮ್ಮ ಆಸ್ಪತ್ರೆಗೆ ಯಾರು?
– ನರ್ಸಿಂಗ್ ಉಪನ್ಯಾಸಕಿ, ಮಂಗಳೂರು

ಉ: ಮೇಡಂ, ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಮಂಗಳೂರಿನಲ್ಲಿ ಇಷ್ಟು ನರ್ಸಿಂಗ್ ಕಾಲೇಜು ಇರುತ್ತಿತ್ತಾ? ನಿಮ್ಮ ಕ್ಲಾಸಿನಲ್ಲಿ ಕೂತ ಅರ್ಧ ಮಕ್ಕಳು ಆ ಆಸೆಗೇ ಸೇರಿದವರು. ಎಲ್ಲರಿಗೂ ಹೋಗಲು ಆಗುವುದಿಲ್ಲ, ಉಳಿದವರು ಇಲ್ಲೇ ಕೆಲಸ ಮಾಡುತ್ತಾರೆ. ಇನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ ಅನ್ನುವುದಕ್ಕೆ ಲಂಡನ್ ಕಾರಣವಲ್ಲ. ಮಂಗಳೂರಿನ ಡಾಕ್ಟರು ಸುಳ್ಯದ ಕಾಡಂಚಿಗೂ ಹೋಗುವುದಿಲ್ಲ. ಅದಕ್ಕೆ ಸಂಬಳ, ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ ಬೇಕು. ನರ್ಸಮ್ಮನ ಪಾಸ್‌ಪೋರ್ಟ್ ಕಸಿದುಕೊಂಡರೆ ಅದು ಬರುವುದಿಲ್ಲ.

ಪ್ರ: ಹೀಗೇ ಆದರೆ ತುಳು ಉಳಿಯುತ್ತದಾ?
– ಓದುಗಿ, ಪುತ್ತೂರು

ಉ: ನಮ್ಮ ಬೀದಿಯಲ್ಲಿ ಗದಗದ ಒಂದು ಸಂಸಾರ ಇದೆ. ಅವರ ಮೂರನೇ ಕ್ಲಾಸಿನ ಮಗಳು ಅಂಗಡಿಯಲ್ಲಿ ತುಳುವಿನಲ್ಲಿ ಬೆಲ್ಲ ಕೇಳುತ್ತಾಳೆ. ನನ್ನ ತಂಗಿಯ ಮಗ ಅದೇ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಚಾಕಲೇಟು ಕೇಳುತ್ತಾನೆ. ತುಳು ಯಾರ ಬಾಯಿಂದ ಜಾರುತ್ತಿದೆ ಅಂತ ನೀವೇ ಹೇಳಿ. ಈ ಕರಾವಳಿಗೆ ಗೋವಾದಿಂದ ಕೊಂಕಣಿಗರು ಬಂದರು, ಹಿಂದೂಗಳೂ ಬಂದರು, ಕ್ರೈಸ್ತರೂ ಬಂದರು. ಅರಬ್ ವ್ಯಾಪಾರಿಗಳು ಬಂದರು. 1834ರಲ್ಲಿ ಬಾಸೆಲ್ ಮಿಷನ್‌ನವರು ಬಂದರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆ ಹಂಚಿಗೆ ಈಗ ಮಂಗಳೂರು ಹಂಚು ಅಂತಲೇ ಹೆಸರು. ಈಶಾನ್ಯದ ತೀರಾ ಚಿಕ್ಕ ಬುಡಕಟ್ಟುಗಳ ಮಾತು ಬೇರೆ, ಹತ್ತಿಪ್ಪತ್ತು ಸಾವಿರ ಜನರ ನಡುವೆ ಲಕ್ಷ ಜನ ಬಂದರೆ ಅವರ ಭಯ ನನಗೆ ಅರ್ಥವಾಗುತ್ತದೆ. ನಾವು ಆ ಸ್ಥಿತಿಯಲ್ಲಿಲ್ಲ.

ಪ್ರ: ಅರವತ್ತರ ದಶಕದಲ್ಲಿ ಮುಂಬೈಯಲ್ಲಿ ನಮ್ಮ ತಂದೆಯ ಹೋಟೆಲಿಗೆ ಕಲ್ಲು ಬಿದ್ದಿತ್ತು. ಈಗ ಊರಿಗೆ ಬಂದಾಗ ನಮ್ಮವರೇ 'ಹೊರಗಿನವರನ್ನು ಓಡಿಸಬೇಕು' ಅನ್ನುವುದು ಕೇಳುತ್ತೇನೆ. ಏನನ್ನಬೇಕು?
– ಓದುಗ, ಡೊಂಬಿವಲಿ (ಮೂಲ ಉಡುಪಿ)

ಉ: ನಮ್ಮ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಮಂಗಳೂರು ಬಂದರಿನಲ್ಲಿ ಸ್ಟೀಮರ್ ಹತ್ತಿದವರು. ಮಾಟುಂಗದ ಒಂದು ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ರಾತ್ರಿ ಅದೇ ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದರು. ದಕ್ಷಿಣದವರನ್ನು ಓಡಿಸಿ ಅಂತ ಶಿವಸೇನೆಯವರ 'ಬಜಾವ್ ಪುಂಗಿ, ಹಟಾವ್ ಲುಂಗಿ' ಎಂಬ ಘೋಷಣೆ ಕೂಗುತ್ತಾ ಬೀದಿಯಲ್ಲಿ ಜನ ಬಂದಾಗ ಅವರು ಅರ್ಧ ಎಳೆದ ಶಟರಿನ ಹಿಂದೆ ನಿಂತಿದ್ದರಂತೆ, ಕೈಯಲ್ಲಿ ಸಾಂಬಾರಿನ ಸೌಟು. ಅಲ್ಲಿಂದ ಬಂದ ಮನಿಯಾರ್ಡರಿನಲ್ಲೇ ನನ್ನ ಅಪ್ಪನ ಟೀಚರ್ ಟ್ರೈನಿಂಗ್ ಆದದ್ದು. ಈಗ ಉಡುಪಿಯಲ್ಲೇ ಎಷ್ಟೋ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರು ಒಡಿಶಾದವರು, ನೇಪಾಳದವರು. ಓಡಿಸಿ ಅನ್ನುವವರನ್ನು ಒಂದು ಮಸಾಲೆದೋಸೆ ತಿನ್ನಲು ಕರೆದುಕೊಂಡು ಹೋಗಿ, ಅಡುಗೆಮನೆಯ ಕಿಟಕಿಯ ಹತ್ತಿರದ ಮೇಜೇ ಹಿಡಿಯಿರಿ.

ಪ್ರ: ಸಾರ್, ಮೂರು ಸಲ ರಿಜೆಕ್ಟ್ ಆದವನು ನಾನೇ. ನಿಮ್ಮ ವಾದ ಚೆನ್ನಾಗಿದೆ, ಆದರೆ ಗಡಿ ತೆರೆಯುವವರೆಗೆ ನಾನೇನು ಮಾಡಲಿ? ಒಬ್ಬ ಏಜೆಂಟ್ ಪೋಲೆಂಡಿಗೆ ಕಳಿಸುತ್ತೇನೆ, ಎರಡೂವರೆ ಲಕ್ಷ ಕೊಡು ಅನ್ನುತ್ತಿದ್ದಾರೆ.
– ಕುಂದಾಪುರ

ಉ: ತಡೆದುಕೋ. ಮೊದಲು ಭಾರತ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿಗೆ ಹೋಗಿ ಆ ಏಜೆಂಟರ ಹೆಸರು, ರಿಜಿಸ್ಟ್ರೇಶನ್ ನಂಬರು ಇದೆಯಾ ನೋಡು. ರಿಜಿಸ್ಟರ್ ಆದ ಏಜೆಂಟರು ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡೂವರೆ ಲಕ್ಷ ಎಲ್ಲಿಂದ ಬಂತು ಅಂತ ಕೇಳು. ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ ಅಂದರೆ ಒಪ್ಪಬೇಡ. ಆಫರ್ ಲೆಟರಿನಲ್ಲಿ ಕಂಪನಿಯ ವಿಳಾಸ, ಸಂಬಳ, ಕೆಲಸದ ಗಂಟೆ ಬರೆದಿದೆಯಾ ನೋಡಿ, ಆ ಕಂಪನಿಗೆ ನೀನೇ ಒಂದು ಮೇಲ್ ಹಾಕು. ಒರಿಜಿನಲ್ ಪಾಸ್‌ಪೋರ್ಟ್ ಈಗಾಗಲೇ ಕೊಟ್ಟಿದ್ದೀಯಾ? ಪತ್ರದಲ್ಲಿ ಬರೆದಿಲ್ಲ. ಕೊಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಹೋಗು, ಅಪ್ಪನನ್ನೂ ಕರೆದುಕೊಂಡು ಹೋಗು, ಇಸಿದುಕೊಂಡು ಬಾ.